ಜೇನು ಕೊಡದ ಜೇನ್ನೊಣಗಳು

ಗುಲಾಬಿ ಗಿಡದ ಎಲೆಯಂಚಿನಲ್ಲಿ ಯಾರೋ ಪಂಚಿಂಗ್ ಮೆಷಿನ್ ಒತ್ತಿದ ಹಾಗೆ ಅಚ್ಚುಕಟ್ಟಾದ ಅರ್ಧಚಂದ್ರದ ಕಚ್ಚುಗಳು ಕಂಡರೆ ಈಗ ಬಹಳ ಜನ ಮಾಡುವ ಮೊದಲ ಕೆಲಸ, ಫೋಟೊ ತೆಗೆದು ನರ್ಸರಿಯವರಿಗೆ ವಾಟ್ಸ್‌ಆ್ಯಪ್ ಮಾಡುವುದು. ಅವರೂ ಎರಡು ಮಾತಾಡದೆ ಒಂದು ಔಷಧಿಯ ಹೆಸರು ಹೇಳಿಬಿಡುತ್ತಾರೆ. ಸಂಜೆಯೊಳಗೆ ಗಿಡಕ್ಕೆ ಸಿಂಪಡಣೆ ಆಗಿರುತ್ತದೆ. ಮರುವಾರ ಹೊಸ ಕಚ್ಚು ಬೀಳುವುದಿಲ್ಲ, ಎಲ್ಲರಿಗೂ ಸಮಾಧಾನ.

ಆ ಎಲೆಯನ್ನು ಯಾವ ಹುಳವೂ ತಿಂದಿರಲಿಲ್ಲ. ಹುಳ ತಿಂದ ಎಲೆಯ ಅಂಚು ಹರಕುಮುರುಕಾಗಿರುತ್ತದೆ, ಕೆಳಗಿನ ಎಲೆಯ ಮೇಲೆ ಹಿಕ್ಕೆ ಬಿದ್ದಿರುತ್ತದೆ. ಇಲ್ಲಿ ಹಿಕ್ಕೆಯೂ ಇಲ್ಲ, ಅಂಚು ನುಣುಪಾಗಿದೆ. ಬಿಸಿಲೇರಿದ ಮೇಲೆ ಗಿಡದ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತರೆ ಕತ್ತರಿಸಿದವಳು ಸಿಕ್ಕಿಬೀಳುತ್ತಾಳೆ. ತುಡುವೆಯಷ್ಟೇ ದಪ್ಪದ, ಸ್ವಲ್ಪ ಗಿಡ್ಡ ಮೈಯ ಒಂದು ಜೇನ್ನೊಣ ಬಂದು ಎರಡು ಮೂರು ಎಲೆ ನೋಡುತ್ತದೆ. ಒಂದನ್ನು ಆರಿಸಿಕೊಂಡು ಅದರ ಅಂಚನ್ನು ಕಾಲುಗಳ ನಡುವೆ ಹಿಡಿದು ಕೂರುತ್ತದೆ, ದವಡೆಯಿಂದ ಕೊಯ್ಯುತ್ತಾ ತಾನೂ ಸುತ್ತು ತಿರುಗುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಕೊನೆಯ ಎಳೆ ಕಡಿಯುವ ಮೊದಲೇ ರೆಕ್ಕೆ ಬಡಿಯತೊಡಗಿರುತ್ತದೆ. ಹಾಗಾಗಿ ತುಂಡು ಬಿಡಿಸಿಕೊಂಡ ಕ್ಷಣಕ್ಕೆ ಅದು ಬೀಳುವುದಿಲ್ಲ. ತುಂಡನ್ನು ಹೊಟ್ಟೆಯಡಿ ಅವಚಿಕೊಂಡು ಹಸಿರು ಚೂರೊಂದು ತಾನೇ ಹಾರಿತೇನೋ ಎಂಬಂತೆ ಹೊರಟುಬಿಡುತ್ತದೆ.

ಇದು ಎಲೆಕತ್ತರಿ ಜೇನ್ನೊಣ, ವಿಜ್ಞಾನಿಗಳ ಮೆಗಾಕೈಲಿ. ಗೋಡೆಯ ತೂತು, ಟೊಳ್ಳು ಕಡ್ಡಿ, ಒಮ್ಮೊಮ್ಮೆ ಬಳಸದೆ ಬಿಟ್ಟ ಪ್ಲಗ್ ಪಾಯಿಂಟು, ಎಲ್ಲೆಂದರಲ್ಲಿ ಅದು ಮನೆ ಹೂಡುತ್ತದೆ. ಉದ್ದುದ್ದ ತುಂಡುಗಳನ್ನು ಸುತ್ತಿ ಒಂದು ಕೋಣೆ ಮಾಡಿ, ಒಳಗೆ ಪರಾಗ ಮತ್ತು ಮಕರಂದ ಕಲಸಿಟ್ಟು, ಅದರ ಮೇಲೊಂದು ಮೊಟ್ಟೆ ಇಟ್ಟು, ದುಂಡನೆಯ ತುಂಡುಗಳಿಂದ ಬಾಗಿಲು ಮುಚ್ಚುತ್ತದೆ. ಅದಕ್ಕೆ ತಾಗಿಕೊಂಡು ಮುಂದಿನ ಕೋಣೆ. ಗುಲಾಬಿಗೆ ಇದರಿಂದ ಆಗುವ ನಷ್ಟ ನಾಲ್ಕು ಎಲೆಯ ಅಂಚು ಮಾತ್ರ.

ಜೇನು ಎಂದೊಡನೆ ನಮಗೆ ನೆನಪಾಗುವುದು ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ. ಎಲ್ಲವೂ ಸಂಸಾರವಂದಿಗರು: ರಾಣಿ, ಸಾವಿರಾರು ಕೆಲಸಗಾರ್ತಿಯರು, ತಟ್ಟಿ, ತುಪ್ಪ. ಆದರೆ ಜಗತ್ತಿನಲ್ಲಿ ಗುರುತಿಸಿರುವ 20,000ಕ್ಕೂ ಹೆಚ್ಚು ಜಾತಿಯ ಜೇನ್ನೊಣಗಳಲ್ಲಿ ಹೀಗೆ ಗೂಡು ಕಟ್ಟಿ ಬಾಳುವವು ಅಲ್ಪಸಂಖ್ಯಾತರು. ಭಾರತದಲ್ಲಿ ದಾಖಲಾಗಿರುವ 700ಕ್ಕೂ ಮಿಕ್ಕಿದ ಜಾತಿಗಳಲ್ಲೂ ಹೆಚ್ಚಿನವು ಒಂಟಿ ಬಾಳಿನವೇ. ರಾಣಿಯಿಲ್ಲ, ದಾಸಿಯರಿಲ್ಲ. ಪ್ರತಿ ಹೆಣ್ಣೂ ತಾನೇ ಮನೆ ಹುಡುಕಿ, ತಾನೇ ದಿನಸಿ ತಂದು, ಮೊಟ್ಟೆಯಿಟ್ಟು, ಬಾಗಿಲು ಹಾಕಿ ಕೆಲವೇ ವಾರಗಳಲ್ಲಿ ತೀರಿಕೊಳ್ಳುತ್ತಾಳೆ. ಮಕ್ಕಳ ಮುಖ ನೋಡುವ ಯೋಗ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಯಾವ ಕೋಣೆಯಲ್ಲಿ ಗಂಡು, ಯಾವುದರಲ್ಲಿ ಹೆಣ್ಣು ಎಂದು ತೀರ್ಮಾನಿಸುವವಳು ಅವಳೇ. ಕೂಡಿಟ್ಟ ವೀರ್ಯ ತಾಗಿಸಿ ಇಟ್ಟ ಮೊಟ್ಟೆ ಹೆಣ್ಣು, ತಾಗಿಸದ್ದು ಗಂಡು. ಕೊಳವೆಯ ಒಳತುದಿಯ ಕೋಣೆಗಳನ್ನು ಹೆಣ್ಣಿಗೂ ಬಾಗಿಲ ಬಳಿಯವನ್ನು ಗಂಡಿಗೂ ಮೀಸಲಿಡುತ್ತಾಳೆ. ಗಂಡುಗಳು ಮೊದಲು ಹೊರಬಂದು ಕಾಯಬೇಕಲ್ಲ!

ಕಾಯಲು ಗೂಡು, ಕೂಡಿಟ್ಟ ತುಪ್ಪ ಎರಡೂ ಇಲ್ಲವಾದ್ದರಿಂದ ಇವು ಮೇಲೆರಗಿ ಬರುವುದಿಲ್ಲ. ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣನ್ನು ಕೈಯಲ್ಲಿ ಹಿಸುಕಿದರೆ ಚುಚ್ಚೀತು, ಅಷ್ಟೆ. ಹೆಜ್ಜೇನಿನ ಭಯವನ್ನು ಇವುಗಳ ತಲೆಗೆ ಕಟ್ಟುವುದು ಅನ್ಯಾಯ.

ತುಳಸಿಕಟ್ಟೆಯ ಬಳಿ ಒಂದು ಕಡೆ ನಿಲ್ಲದೆ, ಬಾಣದಂತೆ ನುಗ್ಗಿ ಗಾಳಿಯಲ್ಲೇ ಗಕ್ಕನೆ ನಿಂತು ಮತ್ತೆ ಮಾಯವಾಗುವ ಒಂದು ನೊಣವನ್ನು ನೀವು ನೋಡಿರಬಹುದು. ಕಪ್ಪು ಹೊಟ್ಟೆಯ ಮೇಲೆ ಹೊಳೆಯುವ ತಿಳಿನೀಲಿ ಪಟ್ಟೆಗಳು, ಬೆನ್ನಿನ ಮೇಲೆ ಕಂದು ರೋಮ. ಇದೇ ನೀಲಿಪಟ್ಟೆ ಜೇನ್ನೊಣ, ಅಮೆಜಿಲ್ಲಾ. ಸಂಜೆಯಾದರೆ ಹೆಣ್ಣುಗಳು ತಮ್ಮ ಬಿಲ ಸೇರುತ್ತವೆ. ಗಂಡುಗಳಿಗೆ ಮನೆಯಿಲ್ಲ. ಯಾವುದೋ ಒಣಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಕಾಲು ಮಡಚಿ, ಸಾಲಾಗಿ ನೇತುಬಿದ್ದು ನಿದ್ದೆ ಮಾಡುತ್ತವೆ. ಕಡ್ಡಿ ಅಲುಗಿದರೂ ಹಿಡಿತ ಸಡಿಲಿಸುವುದಿಲ್ಲ.

ಈ ನೀಲಿಪಟ್ಟೆಗೂ ನಮ್ಮ ಬದನೆಕಾಯಿಗೂ ನಂಟಿದೆ. ಬದನೆ, ಟೊಮೆಟೊ, ತಂಗಡಿ ಹೂಗಳ ಪರಾಗಕೋಶ ಉಳಿದ ಹೂಗಳ ಹಾಗೆ ಸೀಳಿ ಬಿಚ್ಚಿಕೊಳ್ಳುವುದಿಲ್ಲ. ಅದು ತುದಿಯಲ್ಲಿ ಸಣ್ಣ ರಂಧ್ರವಿರುವ ಕೊಳವೆ. ಒಳಗಿನ ಪುಡಿ ಹೊರಬರಬೇಕಾದರೆ ಯಾರಾದರೂ ಅಲುಗಿಸಬೇಕು. ನೀಲಿಪಟ್ಟೆ ಹೂವನ್ನು ತಬ್ಬಿ, ರೆಕ್ಕೆ ಬಿಡಿಸದೆ ಹಾರುವ ಸ್ನಾಯುಗಳನ್ನು ಮಾತ್ರ ಕಂಪಿಸುತ್ತದೆ. ಆಗ ಅದರ ಗುಂಯ್‌ಕಾರದ ಶ್ರುತಿಯೇ ಏರುತ್ತದೆ. ಕಿವಿಗೊಟ್ಟರೆ ಹಾರುವ ಸದ್ದಿಗೂ ಈ ಸದ್ದಿಗೂ ವ್ಯತ್ಯಾಸ ಸ್ಪಷ್ಟ. ಪರಾಗ ರಂಧ್ರದಿಂದ ಚಿಮ್ಮಿ ಅದರ ಹೊಟ್ಟೆಯ ಮೇಲೆ ಬೀಳುತ್ತದೆ. ತುಡುವೆಗಾಗಲಿ ಪೆಟ್ಟಿಗೆಯಲ್ಲಿ ಸಾಕುವ ಮೆಲ್ಲಿಫೆರಾಕ್ಕಾಗಲಿ ಈ ವಿದ್ಯೆ ಗೊತ್ತಿಲ್ಲ. ಯುರೋಪಿನಲ್ಲಿ ಗಾಜಿನ ಮನೆಯ ಟೊಮೆಟೊಗೆ ಬಂಬಲ್‌ಬೀಗಳನ್ನು ಸಾಕಿ ಬಿಡುತ್ತಾರೆ. ಭಾರತದಲ್ಲಿ ಬಂಬಲ್‌ಬೀ ಇರುವುದು ಹಿಮಾಲಯದ ಕಡೆಗೆ ಮತ್ತು ಈಶಾನ್ಯದಲ್ಲಿ. ದಕ್ಷಿಣದಲ್ಲಿ ಈ ಕೆಲಸಕ್ಕೆ ನೀಲಿಪಟ್ಟೆ, ಬಡಗಿ ದುಂಬಿ, ನೆಲದಲ್ಲಿ ಬಿಲ ತೋಡುವ ಹ್ಯಾಲಿಕ್ಟಿಡ್ ಕುಟುಂಬದ ಕೆಲವು ಜಾತಿಗಳೇ ಗತಿ. ಬದನೆಗೆ ತನ್ನ ಪರಾಗದಲ್ಲೇ ಕಾಯಿ ಕಚ್ಚುವ ಶಕ್ತಿ ಇದೆ ನಿಜ. ಆದರೆ ಹೂವನ್ನು ಅಲುಗಿಸುವವರು ಬಂದುಹೋದ ಗಿಡದಲ್ಲಿ ಕಾಯಿ ಕಚ್ಚುವುದೂ ಹೆಚ್ಚು, ಕಾಯಿ ತುಂಬಿಕೊಳ್ಳುವುದೂ ಹೆಚ್ಚು.

ಬಡಗಿ ದುಂಬಿಯನ್ನು ಪರಿಚಯಿಸಬೇಕಿಲ್ಲ. ನಮ್ಮ ಕಾವ್ಯಗಳಲ್ಲಿ ತಾವರೆಯ ಸುತ್ತ ಸುಳಿದಾಡುವ ಕರಿಯ ಭ್ರಮರ, ಹಳೆ ಮನೆಯ ಜಂತಿ ಕೊರೆದು ಕೆಳಗೆ ಹುಡಿ ಉದುರಿಸುವ ದುಂಬಿ ಇದೇ. ಮರವನ್ನು ಕೊರೆಯುತ್ತದೆಯೇ ಹೊರತು ತಿನ್ನುವುದಿಲ್ಲ. ಒಂದು ಜಾತಿಯಲ್ಲಿ ಹೆಣ್ಣು ಹಳದಿ ಬೆನ್ನಿನ ಕಪ್ಪು ಸುಂದರಿ, ಗಂಡು ಮೈಯೆಲ್ಲ ಹೊಂಬಣ್ಣ. ಬೇರೆ ಬೇರೆ ಹುಳಗಳೆಂದೇ ಎಣಿಸಬೇಕು. ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ ಇವುಗಳ ಬಂಧುವೊಂದು ಚಂದ್ರನಿಲ್ಲದ ರಾತ್ರಿಯಲ್ಲೂ ಹಾರಿ ಹೂವು ಹುಡುಕುವುದನ್ನು ಹೇಮಾ ಸೋಮನಾಥನ್ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಪ್ಯಾಶನ್ ಫ್ರೂಟ್ ಬಳ್ಳಿ ಹಬ್ಬಿಸಿದವರಿಗೆ ಬಡಗಿ ದುಂಬಿಯ ಬೆಲೆ ಗೊತ್ತು. ಆ ಹೂವಿನ ಕೇಸರಗಳು ಮೇಲಿನಿಂದ ಬಾಗಿ ನಿಂತಿರುತ್ತವೆ, ಅಷ್ಟೆತ್ತರಕ್ಕೆ ಬೆನ್ನು ತಾಗಬೇಕಾದರೆ ದೊಡ್ಡ ಮೈಯೇ ಬೇಕು. ಸಣ್ಣ ಜೇನ್ನೊಣಗಳು ಬಂದು ಪರಾಗ ದೋಚಿಕೊಂಡು ಹೋಗುತ್ತವೆ, ಕಾಯಿ ಮಾತ್ರ ಕಚ್ಚುವುದಿಲ್ಲ.

ಕೈತೋಟದ ಬೇಲಿ ದಾಟಿ ಕಲಬುರಗಿಯ ತೊಗರಿ ಹೊಲಕ್ಕೆ ಹೋದರೂ ಇವರೇ. ತೊಗರಿ ಹೂವಿನ ಕೆಳದಳವನ್ನು ಒತ್ತಿ ತೆರೆಯಲು ತೂಕ ಬೇಕು. ಎಲೆಕತ್ತರಿಗಳು, ಬಡಗಿ ದುಂಬಿಗಳು ಆ ಕೆಲಸದಲ್ಲಿ ಪಳಗಿದವು. ಎಲೆಕತ್ತರಿ ಪರಾಗವನ್ನು ಒಯ್ಯುವ ರೀತಿಯೇ ಬೇರೆ. ತುಡುವೆ ಪರಾಗವನ್ನು ಮಕರಂದದಲ್ಲಿ ಕಲಸಿ ಕಾಲಿಗೆ ಉಂಡೆ ಕಟ್ಟಿಕೊಳ್ಳುತ್ತದೆ, ಉಂಡೆಯಾದದ್ದು ಹೂವಿಗೆ ದಕ್ಕುವುದಿಲ್ಲ. ಎಲೆಕತ್ತರಿ ಒಣಪುಡಿಯನ್ನೇ ಹೊಟ್ಟೆಯಡಿಯ ರೋಮಕ್ಕೆ ಮೆತ್ತಿಕೊಂಡು ಹೂವಿಂದ ಹೂವಿಗೆ ಉದುರಿಸುತ್ತಾ ಸಾಗುತ್ತದೆ. ಹೈಬ್ರಿಡ್ ತೊಗರಿ ಬೀಜ ತಯಾರಿಯೂ ಇಂಥ ಕೀಟಗಳ ಓಡಾಟವನ್ನೇ ನೆಚ್ಚಿದೆ. ಅಮೆರಿಕ, ಕೆನಡಾಗಳಲ್ಲಿ ದನಗಳ ಮೇವಿನ ಕುದುರೆಮೆಂತೆಯ ಬೀಜ ಬೆಳೆಯುವವರು ಒಂದು ಜಾತಿಯ ಎಲೆಕತ್ತರಿಯನ್ನು ತೂತು ಕೊರೆದ ಹಲಗೆಗಳಲ್ಲಿ ಸಾಕಿ ಹೊಲಕ್ಕೆ ಬಿಡುತ್ತಾರೆ. ಅಲ್ಲಿ ಅದೊಂದು ದೊಡ್ಡ ವಹಿವಾಟು.

ನಮ್ಮಲ್ಲಿ ಮಾತ್ರ ಜೇನ್ನೊಣ ಉಳಿಸುವುದು ಎಂದರೆ ಪೆಟ್ಟಿಗೆ ಹಂಚುವುದು. 2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆ 500 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು, ‘ಸಿಹಿ ಕ್ರಾಂತಿ’ ಎಂಬ ಹೆಸರೂ ಬಂತು. ಬೇಡವೆನ್ನುತ್ತಿಲ್ಲ. ಆದರೆ ತುಪ್ಪ ಕೊಡದವರ ಪಾಲಿಗೆ ಯಾವ ಕ್ರಾಂತಿಯೂ ಇಲ್ಲ, ಅವುಗಳ ಲೆಕ್ಕ ಇಟ್ಟವರೂ ಕಡಿಮೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿ.ವಿ. ಬೆಳವಾಡಿಯಂಥವರು ಕಾಡುಜೇನ್ನೊಣಗಳ ವರ್ಗೀಕರಣದ ಕೆಲಸ ಬೆಳೆಸಿದರು. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಯಲಹಂಕದ ತನ್ನ ಆವರಣದಲ್ಲಿ ಪರಾಗಸ್ಪರ್ಶಕಗಳಿಗೆಂದೇ ತೋಟ ಬೆಳೆಸಿದೆ. ಹೆಸರು ಗುರುತಿಸಲು 1897ರಲ್ಲಿ ಸಿ.ಟಿ. ಬಿಂಗ್‌ಹ್ಯಾಮ್ ಬರೆದ ಸಂಪುಟವನ್ನು ಇಂದಿಗೂ ತಿರುವಿ ಹಾಕುತ್ತಾರೆ ಎಂದರೆ ಈ ಕ್ಷೇತ್ರದಲ್ಲಿ ಎಷ್ಟು ಕೆಲಸ ಬಾಕಿಯಿದೆ ನೋಡಿ.

ತೋಟದ ಮಾತಿಗೆ ಬರೋಣ. ಜೇನ್ನೊಣ ಬರಲಿ ಎಂದು ಎಲ್ಲರೂ ಹೂವಿನ ಗಿಡ ನೆಡುತ್ತಾರೆ. ನನ್ನ ಮಟ್ಟಿಗೆ ಹೂವು ಎರಡನೆಯ ಮಾತು. ಹೂವಿಗೆ ಪಕ್ಕದ ಬೀದಿಗೆ ಹೋಗಿ ಬಂದಾರು. ಮನೆಗೆ ಜಾಗ ಇಲ್ಲದಿದ್ದರೆ ಸಂಸಾರ ಹೂಡುವುದೆಲ್ಲಿ? ಜೇನ್ನೊಣ ಜಾತಿಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೆಲದೊಳಗೆ ಗೂಡು ಮಾಡುವಂಥವು. ಅಂಗಳವೆಲ್ಲ ಟೈಲ್ಸ್, ಕಾಂಪೌಂಡ್‌ಗೆಲ್ಲ ಸಿಮೆಂಟು, ಉಳಿದ ಮಣ್ಣಿಗೆ ಲಾನ್ ಹಾಸಿದ ಮನೆಯಲ್ಲಿ ನೂರು ಹೂಕುಂಡ ಇಟ್ಟರೂ ಅವು ಬಂದು ಉಂಡು ಹೋಗುವ ಅತಿಥಿಗಳು ಮಾತ್ರ. ಹಿಂದೆ ಯಾರೂ ಜೇನ್ನೊಣಕ್ಕೆಂದು ಏನೂ ಮಾಡುತ್ತಿರಲಿಲ್ಲ. ಮಣ್ಣಿನ ಗೋಡೆ, ಒಣಬೇಲಿ, ಚಪ್ಪರದ ಬಿದಿರು ಗಳ, ಕೊಟ್ಟಿಗೆಯ ತೊಲೆ, ಹಿತ್ತಿಲ ದರೆ ತಾವಾಗಿಯೇ ಕೇರಿಗಟ್ಟಲೆ ಮನೆ ಒದಗಿಸುತ್ತಿದ್ದವು. ಊರಿನ ಹಳೆಯ ಹೆಂಟೆಗೋಡೆಯ ಬಿಸಿಲು ಬೀಳುವ ಮಗ್ಗುಲನ್ನು ನೋಡಿ, ಪೆನ್ಸಿಲ್ ಗಾತ್ರದ ತೂತುಗಳು ಒತ್ತೊತ್ತಾಗಿ ಇರುತ್ತವೆ. ಆ ಕೇರಿಯೆಲ್ಲ ಒಂದು ಕೈ ಪ್ಲಾಸ್ಟರಿಂಗ್‌ನಲ್ಲಿ ಮುಚ್ಚಿಹೋಗುತ್ತದೆ.

ಹಾಗಾಗಿ ಮೊದಲು ಮಾಡಬೇಕಾದದ್ದು ಒಂದು ಮೂಲೆಯನ್ನು ಸುಮ್ಮನೆ ಬಿಡುವುದು. ಬೆಳಗಿನ ಬಿಸಿಲು ಬೀಳುವ, ನೀರು ನಿಲ್ಲದ, ಕಾಲಾಡದ ಒಂದೆರಡು ಚದರಡಿ ಬರಿ ನೆಲ ಸಾಕು. ಅಗೆಯಬೇಡಿ, ತರಗೆಲೆಯ ದಪ್ಪ ಹೊದಿಕೆ ಹಾಕಬೇಡಿ, ಪ್ಲಾಸ್ಟಿಕ್ ಹೊದಿಕೆಯಂತೂ ಬೇಡವೇ ಬೇಡ, ದಿನಾ ಪೈಪ್ ಹಿಡಿಯಬೇಡಿ. ಒಂದು ದಿನ ಅಲ್ಲಿ ಸಣ್ಣ ಮಣ್ಣುಗುಪ್ಪೆಯ ನಡುವೆ ತೂತು ಕಾಣಿಸೀತು. ಇರುವೆ ಗೂಡೆಂದು ಬಿಸಿನೀರು ಸುರಿಯುವ ಮುಂಚೆ ಕೊಂಚ ಹೊತ್ತು ಗಮನಿಸಿ. ಇರುವೆ ಗೂಡಿನ ಬಾಗಿಲಲ್ಲಿ ಸಂತೆಯಷ್ಟು ಓಡಾಟ ಇರುತ್ತದೆ. ಇಲ್ಲಿ ಒಬ್ಬಳೇ ಬರುತ್ತಾಳೆ, ಕಾಲಿನ ರೋಮಕ್ಕೆ ಹಳದಿ ಪುಡಿ ಮೆತ್ತಿಕೊಂಡು ಸರಕ್ಕನೆ ಒಳಗೆ ಇಳಿಯುತ್ತಾಳೆ.

ಬಾಲ್ಕನಿಯವರಿಗೆ ನೆಲ ಎಲ್ಲಿಂದ ಬರಬೇಕು? ಜೇಡಿಯೂ ಮರಳೂ ಬೆರೆತ ಮಣ್ಣನ್ನು ಕಲಸಿ, ಒಡೆದ ಕುಂಡದಲ್ಲೋ ಹಳೆಯ ಡಬ್ಬದಲ್ಲೋ ಒತ್ತಿ ತುಂಬಿ, ಹಸಿಯಿರುವಾಗಲೇ ಪೆನ್ಸಿಲಿನಿಂದ ನಾಲ್ಕಾರು ಗುಳಿ ಮಾಡಿ, ನೆರಳಲ್ಲಿ ಒಣಗಿಸಿ. ಉಗುರಿನಿಂದ ಗೀರಿದರೆ ಪುಡಿ ಬರಬೇಕು, ಅಷ್ಟು ಮೆದುವಿರಲಿ. ಇಟ್ಟಿಗೆಯಂತೆ ಗಟ್ಟಿಯಾದರೆ ಅವಕ್ಕೆ ತೋಡಲಾಗದು. ಬಾಯಿ ಮುಂದಕ್ಕೆ ಬರುವಂತೆ ಅಡ್ಡಲಾಗಿ ಸಜ್ಜಾದ ಕೆಳಗೆ ಇಡಿ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ನೀಲಿಪಟ್ಟೆಗಳನ್ನು ಕರೆಸಿಕೊಳ್ಳಲು ತೋಟಗಾರರು ಇಂಥದೇ ಮಣ್ಣಿನ ಇಟ್ಟಿಗೆ ಇಡುತ್ತಾರೆ.

ಇನ್ನು ಕಡ್ಡಿಯಲ್ಲಿ ಬಾಳುವ ಸೆರಾಟಿನಾ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಪುಟಾಣಿ, ಕೆಲವು ಜಾತಿಗಳು ಪಚ್ಚೆಯ ಹಾಗೆ ಹೊಳೆಯುತ್ತವೆ. ಇದು ತಿರುಳಿರುವ ಕಡ್ಡಿಯನ್ನು ಕೊರೆದು ಒಳಗೆ ಸಾಲುಮನೆ ಮಾಡುತ್ತದೆ. ಆದರೆ ತೊಗಟೆಯ ಕಡೆಯಿಂದ ನುಗ್ಗಲು ಅದಕ್ಕೆ ಬಾರದು, ಮುರಿದ ಅಥವಾ ಕತ್ತರಿಸಿದ ತುದಿಯೇ ಬಾಗಿಲು. ರತ್ನಗಂಧಿ, ಗುಲಾಬಿ, ಲಂಟಾನ ಯಾವುದೇ ಆಗಲಿ, ಸವರಿದ ಮೇಲೆ ಮೊಂಡುಕಡ್ಡಿಗಳನ್ನು ಗಿಡದಲ್ಲೇ ಒಂದಡಿಯಷ್ಟು ಉಳಿಸಿ. ಸವರಿ ಬಿದ್ದದ್ದನ್ನೂ ಕಟ್ಟು ಕಟ್ಟಿ ಬೇಲಿಗೆ ನಿಲ್ಲಿಸಿ. ಸುಡಬೇಡಿ. ಒಣಕಡ್ಡಿ ಕಂಡರೆ ತೋಟ ಕೊಳಕೆನ್ನುವ ಮಾಲಿಯನ್ನು ಒಪ್ಪಿಸುವುದು ಇದರಲ್ಲಿ ಕಷ್ಟದ ಭಾಗ.

ಆನ್‌ಲೈನ್ ಅಂಗಡಿಗಳಲ್ಲಿ ‘ಬೀ ಹೋಟೆಲ್’ ಎಂದು ಚೆಂದದ ಪುಟ್ಟ ಮರದ ಮನೆ ಮಾರುತ್ತಾರೆ. ಪೈನ್ ಕಾಯಿ, ಮರದ ಹೊಟ್ಟು, ನಾಲ್ಕಿಂಚು ಬಿದಿರಿನ ತುಂಡು ತುರುಕಿದ ಈ ಮನೆಗಳಲ್ಲಿ ಬಹುಪಾಲು ಷೋಕೇಸಿಗೆ ಲಾಯಕ್ಕು. ಕೆನಡಾದ ಟೊರಾಂಟೊದಲ್ಲಿ ಮೂರು ವರ್ಷ ಸುಮಾರು 600 ಇಂಥ ಹೋಟೆಲುಗಳನ್ನು ಇಟ್ಟು ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಪ್ರತಿ ವರ್ಷ ಹೋಟೆಲುಗಳ ಹೆಚ್ಚುಕಡಿಮೆ ಮುಕ್ಕಾಲು ಭಾಗದಲ್ಲಿ ಕಣಜಗಳು ಬಂದು ಕೂತಿದ್ದವು. ಸ್ಥಳೀಯ ಜೇನ್ನೊಣಗಳಿಗೆ ಪರಾವಲಂಬಿಗಳ ಕಾಟವೂ ಹೆಚ್ಚಿತ್ತು. ಚದುರಿ ಬಾಳುವವರನ್ನು ಒಂದೇ ವಠಾರಕ್ಕೆ ತಂದು ತುಂಬಿದರೆ ರೋಗ, ನುಸಿ, ಕಳ್ಳರು ಎಲ್ಲ ಒಟ್ಟಿಗೇ ಬರುತ್ತಾರೆ.

ನಮ್ಮಲ್ಲೂ ಕಣಜ ಬರುತ್ತದೆ. ಬರಲಿ ಎನ್ನುತ್ತೇನೆ; ಅದು ಒಯ್ಯುವುದು ನಮ್ಮ ಸೊಪ್ಪು ತಿನ್ನುವ ಕಂಬಳಿಹುಳವನ್ನೇ. ಹುಳವನ್ನು ಚುಚ್ಚಿ ಮರಗಟ್ಟಿಸಿ, ಮಣ್ಣಿನ ಗೂಡಿನಲ್ಲಿಟ್ಟು, ಅದರ ಜೊತೆ ಮೊಟ್ಟೆಯಿಟ್ಟು ಮುಚ್ಚುತ್ತದೆ. ಕೆಲ ವಾರಗಳ ಮೇಲೆ ಅದೇ ಗೂಡು ಒಡೆದು ಹೊರಬರುವುದು ಇನ್ನೊಂದು ಕಣಜ. ಹುಳ ಒಳಗೆ ಹೋಗಿದ್ದನ್ನೂ ಕಣಜ ಹೊರಗೆ ಬಂದದ್ದನ್ನೂ ಕಂಡವರು, ಧ್ಯಾನದಿಂದ ಹುಳವೇ ಭ್ರಮರವಾಯಿತೆಂದು ‘ಭ್ರಮರ ಕೀಟ ನ್ಯಾಯ’ ಮಾಡಿದರು. ತತ್ತ್ವ ದೊಡ್ಡದು, ಪಾಪ, ಹುಳದ ಪಾಡು ಯಾರಿಗೂ ಹೊಳೆಯಲಿಲ್ಲ.

ಹೋಟೆಲ್ ಬೇಕೇಬೇಕು ಅನ್ನುವವರು ಮನೆಯಲ್ಲೇ ಮಾಡಿ, ಸಣ್ಣದು ಮಾಡಿ. ಒಂದು ತುದಿಗೆ ಗೆಣ್ಣಿರುವಂತೆ ಕತ್ತರಿಸಿದ ಒಣ ಬಿದಿರಿನ ಹತ್ತು ಹದಿನೈದು ಕೊಳವೆ, ಉದ್ದ 15 ಸೆಂಟಿಮೀಟರು, ಒಳಗಿನ ಅಗಲ 4ರಿಂದ 10 ಮಿಲಿಮೀಟರಿನವರೆಗೆ ಬೇರೆ ಬೇರೆ. ಉದ್ದ ಕಡಿಮೆಯಾದರೆ ಒಳಗಿನ ಹೆಣ್ಣುಕೋಣೆಗಳಿಗೆ ಜಾಗ ಉಳಿಯದೆ ಬರೀ ಗಂಡುಗಳೇ ಹುಟ್ಟುತ್ತವೆ. ಬಾಯಿಯ ಸಿಬಿರನ್ನು ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ರೆಕ್ಕೆ ಹರಿಯುತ್ತದೆ. ಪೂರ್ವಕ್ಕೆ ಮುಖ ಮಾಡಿ, ಎದೆಯೆತ್ತರಕ್ಕೆ, ಮಳೆ ತಾಗದ ಕಡೆ ಅಲುಗದಂತೆ ಕಟ್ಟಿ. ತಂತಿಯಲ್ಲಿ ತೂಗುಹಾಕಿದರೆ ಯಾರೂ ಬರುವುದಿಲ್ಲ. ಇರುವೆಗೆ ಕಟ್ಟಿದ ದಾರಕ್ಕೆ ಗ್ರೀಸ್ ಸವರುವುದೊಂದೇ ಉಪಾಯ. ಮಲೆನಾಡಿನ ಮಳೆಗೆ ಬಿದಿರು ಬೂಸಲು ಹಿಡಿಯುತ್ತದೆ, ಅಲ್ಲಿ ಮಳೆಗಾಲ ಕಳೆದ ಮೇಲೆ ಕಟ್ಟುವುದು ಲೇಸು. ಮುಚ್ಚಿದ ಬಾಗಿಲು ಕಂಡಮೇಲೆ ಕೊಳವೆಯನ್ನು ಜಾಗ ಬದಲಿಸಬೇಡಿ. ಎಲ್ಲರೂ ಹೊರಟುಹೋದ ಕೊಳವೆಯನ್ನು ಎಸೆದು ಹೊಸದನ್ನು ಇಡಿ.

ಹೂವಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ ಹೂ ಬಿಟ್ಟರೆ ನೀಲಿಪಟ್ಟೆ ಬಂದೇ ಬರುತ್ತದೆ. ತುಳಸಿಯ ತೆನೆ ಚಿವುಟುವ ಪದ್ಧತಿ ಇದ್ದವರು ಒಂದು ಕುಂಡವನ್ನಾದರೂ ಹಾಗೇ ಬಿಡಿ. ತುಂಬೆಯನ್ನು ಕಳೆ ಎಂದು ಕೀಳಬೇಡಿ. ಅವರೆ, ಅಲಸಂದೆ, ತೊಗರಿ ಎಲೆಕತ್ತರಿಗೆ, ತಂಗಡಿ ಬಡಗಿಗೆ, ಬೇಸಿಗೆಯ ಬರಗಾಲಕ್ಕೆ ಹೊಂಗೆ, ನುಗ್ಗೆ. ಬೆಳೆದು ಹೂವಿಗೆ ಬಂದ ಕೊತ್ತಂಬರಿಯನ್ನು ಕಿತ್ತು ಹಾಕದಿದ್ದರೆ ಸಣ್ಣಪುಟ್ಟವಕ್ಕೆಲ್ಲ ಹಬ್ಬ. ನರ್ಸರಿಯಲ್ಲಿ ಕಣ್ಸೆಳೆಯುವ ಸುತ್ತುಸುತ್ತು ದಳದ ಹೈಬ್ರಿಡ್ ಹೂಗಳಲ್ಲಿ ಕೇಸರಗಳೇ ದಳವಾಗಿರುತ್ತವೆ, ತಿನ್ನಲು ಏನೂ ಇರುವುದಿಲ್ಲ.

ಔಷಧಿಯ ವಿಷಯ ಬಿಡುವಂತಿಲ್ಲ. ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ರಸದಲ್ಲಿ ಬೆರೆತು ಪರಾಗ, ಮಕರಂದಕ್ಕೂ ಇಳಿಯುತ್ತವೆ. ಸಿಂಪಡಿಸಿದ ದಿನ ಜೇನ್ನೊಣ ಬರಲಿಲ್ಲ ಎಂಬ ಸಮಾಧಾನಕ್ಕೆ ಅರ್ಥವಿಲ್ಲ, ವಿಷ ಒಳಗಿರುತ್ತದೆ. ಯುರೋಪಿನ ಒಕ್ಕೂಟ 2018ರಲ್ಲಿ ಇದನ್ನೂ ಇದರ ಇಬ್ಬರು ಸೋದರರನ್ನೂ ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ಗೂಡಿನ ಜೇನಿಗೆ ನೂರು ಕೆಲಸಗಾರ್ತಿಯರು ಸತ್ತರೂ ಸಂಸಾರ ನಡೆದೀತು. ಒಂಟಿಯವಳು ಸತ್ತರೆ ಅರ್ಧ ಕಟ್ಟಿದ ಕೋಣೆಗೆ ದಿಕ್ಕಿಲ್ಲ.

ಮನೆಯ ಮರದ ತೊಲೆಯನ್ನೇ ಬಡಗಿ ದುಂಬಿ ಕೊರೆಯುತ್ತಿದ್ದರೆ ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಬಣ್ಣ ಅಥವಾ ವಾರ್ನಿಶ್ ಹೊಡೆದ ಮರವನ್ನು ಅದು ಅಷ್ಟಾಗಿ ಇಷ್ಟಪಡುವುದಿಲ್ಲ. ಒಳಗಿನವು ಹೊರಟುಹೋದ ಮೇಲೆ ತೂತು ಮುಚ್ಚಿ ಬಣ್ಣ ಬಳಿಯಿರಿ, ಹಿತ್ತಿಲಲ್ಲಿ ಒಂದು ಒಣಕೊರಡು ಹಾಕಿಡಿ.

ಒಂದೆರಡು ಹಂಗಾಮು ಕಳೆದ ಮೇಲೆ ನಿಮ್ಮ ಬರಿನೆಲದ ಮೂಲೆಯಲ್ಲಿ ಕಪ್ಪು ಮೈಮೇಲೆ ನೀಲಿ ಚುಕ್ಕೆಗಳ ಇನ್ನೊಂದು ಜೇನ್ನೊಣ ಸುಳಿದಾಡೀತು. ಚೆಲುವಾದರೂ ಕಳ್ಳಿ. ಥೈರಿಯಸ್ ಎಂಬ ಇದು ಮನೆ ಕಟ್ಟುವುದೂ ಇಲ್ಲ, ಪರಾಗ ತರುವುದೂ ಇಲ್ಲ. ನೀಲಿಪಟ್ಟೆ ಹೊರಗೆ ಹೋದ ಹೊತ್ತು ನೋಡಿ ಅದರ ಕೋಣೆಯೊಳಗೆ ಮೊಟ್ಟೆಯಿಟ್ಟು ಬರುತ್ತದೆ, ಕೋಗಿಲೆ ಕಾಗೆಗೆ ಮಾಡಿದ ಹಾಗೆಯೇ. ಅದನ್ನು ಓಡಿಸಲು ಹೋಗಬೇಡಿ. ಕದಿಯುವಷ್ಟು ಮನೆಗಳಿಲ್ಲದ ಕೇರಿಗೆ ಅದು ಬರುವುದಿಲ್ಲ.